ಬರಿಯೋಲೆ ಬಂಡೆ

ಹಳೇಕಡವಿನ ಸಮುದ್ರದಂಡೆಯಲ್ಲಿ ಈಗ ಹಡಗುಗಳು ನಿಲ್ಲುವುದಿಲ್ಲ. ಬಂದರಿನ ಕಾಲದ ಉಳಿಕೆಯೆಂದರೆ ಕೆಂಪುಕಲ್ಲಿನ ಸುಂಕದ ಮನೆ, ಒಂದು ಸಣ್ಣ ಬಸದಿ, ನೀರಿಗೆ ಮುಖಮಾಡಿ ನಿಂತ ಕರಿಬಂಡೆ, ಇಷ್ಟೇ. ಬೇಸಿಗೆಯಲ್ಲಿ ಊರು ನೋಡಲು ಬರುವವರು ಸುಂಕದ ಮನೆಯಲ್ಲಿರುವ ವಾಚನಾಲಯದಿಂದ ಒಂದು ಕಾದಂಬರಿಯನ್ನು ಆರಿಸಿಕೊಂಡು ಬಂಡೆಯ ನೆರಳಿನಲ್ಲಿ ಕುಳಿತು ಓದುವುದು ರೂಢಿ. ವಾಚನಾಲಯವನ್ನು ನೋಡಿಕೊಳ್ಳುವ ಹಿರಿಯರಾದ ದೇವಿದಾಸ ಹರಿಕಂತ್ರರು ಕೊನೆಯ ಹಾಳೆ ಕಳೆದುಹೋದ ಪುಸ್ತಕಗಳನ್ನೂ ಕಪಾಟಿನಿಂದ ತೆಗೆದಿಲ್ಲ. ಅಂಥದೊಂದನ್ನು ಓದಿದವರು ಮರಳಿ ಬಂದು ಕತೆ ಹೇಗೆ ಮುಗಿಯುತ್ತದೆಂದು ಕೇಳಿದರೆ, “ನಂಗೆ ಗೊತ್ತುಂಟು, ಆದ್ರೆ ಹೇಳೂದಿಲ್ಲ” ಎನ್ನುತ್ತಾರೆ. ಏಕೆಂದು ಕೇಳುವಷ್ಟು ವ್ಯವಧಾನವಿದ್ದವರನ್ನು ಬಂಡೆಯ ಬಳಿಗೆ ಕರೆದೊಯ್ದು ಅದರ ಹೆಸರಿನ ಐತಿಹ್ಯವನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ಹಳೇಕಡವಿಗೆ ಪರದೇಶದ ಕುದುರೆಗಳೂ ಖರ್ಜೂರವೂ ಬಂದಿಳಿಯುತ್ತಿದ್ದ ಕಾಲದಲ್ಲಿ, ಯುಗಾದಿ ಕಳೆದ ಮೇಲೆ ಪ್ರತಿ ಸಂಜೆ ಈ ಬಂಡೆಯ ಮೇಲೆ ಓಲೆಗರಿಯ ಕತೆಯೊಂದನ್ನು ಓದುತ್ತಿದ್ದರಂತೆ. ಓದುವವನು ಬಸದಿಯ ಅರ್ಚಕ ಪದ್ಮಯ್ಯ. ಆದರೆ ಆ ಬೇಸಿಗೆಗೆ ಯಾವ ಕತೆ ಎಂಬುದನ್ನು ನಿಶ್ಚಯಿಸುವ ಹಕ್ಕು ಅವನದಲ್ಲ. ಯುಗಾದಿಯ ಹೊತ್ತಿಗೂ ಯಾರ ಮನೆಯ ಗಂಡಸು ಸಮುದ್ರದಿಂದ ಮರಳಿರುವುದಿಲ್ಲವೋ ಆ ಮನೆಯವರದು. ಕಾಯುವವರ ದಿನಗಳು ಹೇಗಾದರೂ ಕಳೆಯಲಿ ಎಂಬುದು ಆ ಕಟ್ಟಳೆಯ ಹಿಂದಿನ ಕನಿಕರ. ಆ ವರ್ಷ ಎಲ್ಲ ಹಡಗುಗಳೂ ಬಂದಿದ್ದವು, ಈ ಊರಿನವರಲ್ಲಿ ಬೀರಮ್ಮನ ಗಂಡ ಮಾಬ್ಲನೊಬ್ಬನೇ ಹೋಗಿದ್ದ ಹಡಗೊಂದನ್ನು ಬಿಟ್ಟು. ಬೀರಮ್ಮ ಬಸದಿಯ ಪೆಟ್ಟಿಗೆಯ ಮುಂದೆ ಕುಳಿತು ಓಲೆಯ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಇಡುತ್ತಿದ್ದರೆ, ನೆರೆಯ ಹೆಂಗಸರು, “ಕತೆ ಆರ್ಸು ಅಂದ್ರೆ ವರ ನೋಡಿದ ಹಾಗೆ ನೋಡ್ತೀಯಲ್ಲೇ” ಎಂದು ನಗಾಡಿದರು. ಕೊನೆಗೆ ಅವಳು ಯಾರೂ ಮುಟ್ಟದ ಒಂದು ಕಟ್ಟನ್ನು ತೆಗೆದಳು. ಕಡಲ ಪಯಣ ಹೊರಟ ವರ್ತಕನೊಬ್ಬನ ಕತೆ ಅದು. ಕಡೆಯ ಗರಿಗಳನ್ನು ಗೆದ್ದಲು ತಿಂದಿತ್ತು. ಕೊನೆಯೇ ಇಲ್ಲದ್ದನ್ನು ಏಕೆ ಆರಿಸಿದೆ ಎಂದು ಪದ್ಮಯ್ಯ ಕೇಳಿದ. “ಅವ ಸತ್ತ ಅಂತ ಇದ್ರಲ್ಲಿ ಬರ್ದಿಲ್ಲವಲ್ಲ, ಒಡೆಯಾ” ಎಂದಳಂತೆ.

ಓದು ಮುಂದುವರಿದಂತೆ ಊರಿಗೆ ಊರೇ ಆ ವರ್ತಕನನ್ನು ಮಾಬ್ಲನೆಂದೇ ಎಣಿಸತೊಡಗಿತು. ಇತ್ತ ಬೀರಮ್ಮನ ಅಣ್ಣ ಜಟ್ಟಿ, ಮಳೆಗಾಲ ಕಡಲನ್ನು ಮುಚ್ಚುವ ಮೊದಲೇ ಒಂಟಿ ತಂಗಿಯನ್ನು ತವರಿಗೆ ಕರೆದೊಯ್ಯಲು ತೆಂಕಣದಿಂದ ತನ್ನ ಮಂಜಿ ಹಡಗನ್ನು ತಂದು ದಡದಲ್ಲಿ ನಿಲ್ಲಿಸಿದ್ದ. ಅವಳು ಒಪ್ಪಿ ಗಂಟು ಕಟ್ಟಿದ್ದಳು. ಕತೆ ಮುಗಿದ ಮರುದಿನ ಹೊರಡುವುದೆಂದಾಗಿತ್ತು. ಪದ್ಮಯ್ಯ ಒಳ್ಳೆಯ ವಿದ್ವಾಂಸ, ಮರುಕದ ಮನುಷ್ಯ. ಅರ್ಧದಲ್ಲಿ ನಿಂತ ಗ್ರಂಥವನ್ನು ಕಂಡರೆ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಮೂರು ಹೊಸ ಗರಿಗಳ ಮೇಲೆ ಕತೆಯ ಕೊನೆಯನ್ನು ಕೊರೆದು ಬರೆದು, ಹಳೆಯವೆಂದು ಕಾಣುವಂತೆ ಅವನ್ನು ಹೊಗೆಗೆ ಹಿಡಿದು, ಪೆಟ್ಟಿಗೆಯ ತಳದಲ್ಲಿ ಸಿಕ್ಕವೆಂದು ಹೇಳಿ ಕಡೆಯ ಸಂಜೆ ಓದಿದನು. ಅವುಗಳಲ್ಲಿ ವೈಶಾಖದ ಹುಣ್ಣಿಮೆಯಂದು ವರ್ತಕನ ಹಡಗು ಮರಳಿ ಬಂದಿತ್ತು.

ಜನ ಕಣ್ಣೊರೆಸಿಕೊಂಡರು, ಪದ್ಮಯ್ಯನನ್ನು ಹೊಗಳಿದರು. ಮರುದಿನ ಬೆಳಗ್ಗೆ ಬೀರಮ್ಮ ಕಟ್ಟಿದ ಗಂಟನ್ನು ಬಿಚ್ಚಿದ್ದಳು. “ಓಲೆಯಲ್ಲೇ ಬಂದಿದೆ ಅಣ್ಣ. ಹುಣ್ಣಿಮೆ ಒಂದು ಕಳೀಲಿ” ಎಂದಳು. ಜಟ್ಟಿ ಅಷ್ಟು ದಿನ ಕಾಯುವಂತಿರಲಿಲ್ಲ, ಗಾಳಿ ಆಗಲೇ ತಿರುಗುತ್ತಿತ್ತು. ಅವನು ಬೇಡಿಕೊಂಡ, ಗದರಿದ, ಕೊನೆಗೆ ಹಾಯಿ ಎತ್ತಿದ. ಪದ್ಮಯ್ಯ ಅಲ್ಲೇ ದಡದಲ್ಲಿ ನಿಂತಿದ್ದನು. ಒಂದೇ ಮಾತು ಸಾಕಿತ್ತು; ಅದನ್ನು ಆಡಿದರೆ ಹಿಂದಿನ ಸಂಜೆಯ ಹೊಗಳಿಕೆಯೆಲ್ಲ ಮೋಸದ ಹೊಗಳಿಕೆಯಾಗುತ್ತಿತ್ತು. ಅವನು ಆಡಲಿಲ್ಲ.

ಹುಣ್ಣಿಮೆ ಬಂದು ಹೋಯಿತು, ಮಳೆ ಹಿಡಿಯಿತು. ಜ್ಯೇಷ್ಠದ ಒಂದು ಬೆಳಗ್ಗೆ ಪದ್ಮಯ್ಯ ಅವಳ ಅಂಗಳದಲ್ಲಿ ನೆನೆಯುತ್ತ ನಿಂತು ಎಲ್ಲವನ್ನೂ ಒಪ್ಪಿಕೊಂಡನು. ಬೀರಮ್ಮ, “ನೀವು ಬರ್ದದ್ದಕ್ಕೆ ನಂಗೆ ಸಿಟ್ಟಿಲ್ಲ, ಒಡೆಯಾ. ಅಣ್ಣ ಹೋಗುವಾಗ ನೀವು ಅಲ್ಲೇ ಇದ್ರಿ” ಎಂದಳು.

ಮರುವರ್ಷ ಜಟ್ಟಿ ಬರಲಿಲ್ಲ. ಏಕೆಂಬುದನ್ನು ಐತಿಹ್ಯ ಹೇಳುವುದಿಲ್ಲ. ಮಾಬ್ಲನೂ ಬರಲಿಲ್ಲವಾದ್ದರಿಂದ ಕತೆಯನ್ನು ಆರಿಸುವ ಹಕ್ಕು ಮತ್ತೆ ಬೀರಮ್ಮನದೇ ಆಯಿತು. ಅವಳು ಅದೇ ಕಟ್ಟನ್ನು ಆರಿಸಿದಳು. ಪದ್ಮಯ್ಯ ತಾನು ಬರೆದ ಮೂರು ಗರಿಗಳನ್ನು ಕಡಲಿಗೆ ಬಿಟ್ಟು, ಅವುಗಳ ಸ್ಥಳದಲ್ಲಿ ಏನೂ ಬರೆಯದ ಒಂದು ಗರಿಯನ್ನು ಪೋಣಿಸಿದ್ದನು. ಅಲ್ಲಿಯವರೆಗೆ ಓದಿ ನಿಲ್ಲಿಸಿ, ಆ ಬರಿಯೋಲೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದನು. ಅವಳ ಕೂದಲು ನೆರೆಯುವವರೆಗೂ ಪ್ರತಿ ಬೇಸಿಗೆ ಅದೇ ಕತೆ. ಬೇರೊಂದನ್ನು ಓದಿ ಎಂದು ಊರಿನವರು ಒಮ್ಮೆಯೂ ಕೇಳಲಿಲ್ಲವಂತೆ.

ಆ ಕಟ್ಟು ಈಗ ಇಲ್ಲ. ಬಂಡೆಯ ಮೇಲೆ ಓದುವವನು ಕುಳಿತು ನುಣುಪಾದ ಜಾಗವೊಂದಿದೆ. ಅದರ ಎದುರಿಗೆ, ಓದುವವನಿಗೆ ಬೆನ್ನಾಗಿ ಕಡಲಿಗೆ ಮುಖವಾಗಿ, ಬೀರಮ್ಮ ಕುಳಿತದ್ದೆನ್ನುವ ಇನ್ನೊಂದು. ನಡುವೆ ಗರಿಯ ಆಕಾರದಲ್ಲಿ ಕೆತ್ತಿದ ಉದ್ದನೆಯ ಪಟ್ಟಿಯಿದೆ, ದಾರ ಪೋಣಿಸುವ ತೂತೂ ಅದರಲ್ಲಿದೆ. ಓದುತ್ತಿದ್ದ ಕಾದಂಬರಿಯನ್ನು ಮಡಚಿ ಎದ್ದು ಬಂದವರು ಅದರ ಮೇಲೆ ಬೆರಳಾಡಿಸಿ, ಉಪ್ಪುಗಾಳಿಗೆ ಅಕ್ಷರಗಳೆಲ್ಲ ಸವೆದುಹೋದವೇ ಎಂದು ವಿಚಾರಿಸುತ್ತಾರೆ. “ಸವೆದದ್ದಲ್ಲ. ಬರೀಲೇ ಇಲ್ಲ” ಎನ್ನುತ್ತಾರೆ ದೇವಿದಾಸರು.