ಖಾಲಿ ಡಬ್ಬಿ

ಯುರೋಪಿನಲ್ಲಿ ಓದುತ್ತಿದ್ದ ವೈದೇಹಿ ವೀಗನ್, ಹಾಲು ಬೆಣ್ಣೆ ಮುಟ್ಟುವವಳಲ್ಲ. ಅಮ್ಮ ಸುಗಂಧಮ್ಮನಿಗೆ ಊರೂರು ತೋರಿಸುತ್ತ ವಿಯೆನ್ನಾ ತಲುಪುವಷ್ಟರಲ್ಲಿ ಒಣ ಬ್ರೆಡ್ಡು ತಿಂದೇ ಸೊರಗಿದ್ದಳು. ಹೋಟೆಲಿನಲ್ಲಿ ಬರೀ ಬೇಯಿಸಿದ ಆಲೂಗಡ್ಡೆ ಕೇಳಿದರೆ ಮಾಲೀಕ ಮೂಗು ಮುರಿದ.

"ಮೆನುವಿನಲ್ಲಿ ಇಲ್ಲದ್ದನ್ನು ನಾವು ಮಾರುವುದಿಲ್ಲ."

ಸುಗಂಧಮ್ಮ ಜಗಳಕ್ಕೆ ಹೋಗಲಿಲ್ಲ. ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು, "ನಿಮ್ಮ ಮನೆಯವರಿಗೆ" ಎಂದು ಮಗಳ ಬಾಯಲ್ಲಿ ಹೇಳಿಸಿ ಕೊಟ್ಟರು. ಅವನು ರುಚಿ ನೋಡಿ ಹಿಗ್ಗಿದ. ಪುಡಿಯನ್ನು ಬಟ್ಟಲಿಗೆ ಸುರಿದುಕೊಂಡು ಡಬ್ಬಿ ವಾಪಸ್ ಚಾಚಿದ. ಸುಗಂಧಮ್ಮ ಕೈ ನೀಡಲಿಲ್ಲ.

"ನಮ್ಮ ಕಡೆ ಖಾಲಿ ಡಬ್ಬಿ ವಾಪಸ್ ಕೊಡಲ್ಲ. ಎರಡು ಆಲೂಗಡ್ಡೆ ಬೇಯಿಸಿ ಹಾಕಿ, ಬೆಣ್ಣೆ ಬೇಡ. ಮಾರಬೇಡಿ, ಸುಮ್ಮನೆ ಕೊಡಿ."

ಮಾಲೀಕ ಮೀಸೆಯಡಿ ನಗುತ್ತ ಒಳಗೆ ಹೋದ. ಡಬ್ಬಿ ಹಬೆಯಾಡುತ್ತ ಬಂತು, ಮೇಲೆ ಅದೇ ಪುಡಿ.

ವೈದೇಹಿ ಮೊದಲ ತುತ್ತು ನುಂಗಿ ಕೇಳಿದಳು, "ಪುಡಿ ನನಗೇ ಅಂತ ತಂದಿದ್ದೆ ಅಲ್ವಾ, ಅಮ್ಮ?"

"ನಿನಗೇ ಬಂತಲ್ಲೇ. ಆರೋಕೆ ಮುಂಚೆ ತಿನ್ನು."