ಹರಿಗೋಲಿನ ಹೆಂಗಸು

“ಗುರುಗಳೇ, ನಾನು ತೆಗೆದ ಚಿತ್ರಗಳನ್ನು ಅಂತರ್ಜಾಲದಲ್ಲಿ ಮಾರಬೇಕೆಂದಿದ್ದೇನೆ. ಯಾವ ಕಾಗದದ ಮೇಲೆ, ಯಾರ ಕೈಯಲ್ಲಿ ಅಚ್ಚು ಹಾಕಿಸಲಿ?” ಎಂದು ನಾಗವೇಣಿ ಕೇಳಿದಳು.

ಅವಳಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವರು ಕಲ್ಮೇಶ ಮಾಸ್ತರರು. ಹೊಳಪಿನ ಕಾಗದ, ಹೊಳಪಿಲ್ಲದ ಕಾಗದ, ಕ್ಯಾನ್ವಾಸ್ ಬಟ್ಟೆ ಎಂದು ಅವಳು ಒಂದೊಂದರ ಗುಣದೋಷಗಳನ್ನೂ ಓದಿಕೊಂಡು ಬಂದಿದ್ದಳು. ಮಾಸ್ತರರು ಎಲ್ಲವನ್ನೂ ಕೇಳಿಸಿಕೊಂಡು, ಒಂದು ಕತೆ ಹೇಳಿದರು.

ಒಬ್ಬ ಛಾಯಾಗ್ರಾಹಕನಿದ್ದ. ಅವನು ತನ್ನ ಚಿತ್ರಗಳನ್ನೆಲ್ಲ ಅಂತರ್ಜಾಲದ ಒಂದು ಅಂಗಡಿಗೆ ಒಪ್ಪಿಸಿದ್ದ. ಯಾರಾದರೂ ಕೊಂಡರೆ ಆ ಅಂಗಡಿಯವರೇ ಎಲ್ಲೋ ದೂರದ ಊರಿನಲ್ಲಿ ಅಚ್ಚು ಹಾಕಿ, ಚೌಕಟ್ಟು ಕಟ್ಟಿ, ಕೊಂಡವರ ಮನೆಗೆ ಕಳಿಸುತ್ತಿದ್ದರು. ಇವನು ಏನನ್ನೂ ಮುಟ್ಟಬೇಕಾಗಿರಲಿಲ್ಲ. ಇದಕ್ಕಿಂತ ಸುಖವಾದ ವ್ಯಾಪಾರ ಇನ್ನೊಂದಿಲ್ಲ ಎಂದುಕೊಂಡಿದ್ದ.

ಒಮ್ಮೆ ನೆಂಟರ ನಿಶ್ಚಿತಾರ್ಥಕ್ಕೆಂದು ಪರವೂರಿಗೆ ಹೋದ. ಬರಿಗೈಯಲ್ಲಿ ಹೋಗುವುದು ಬೇಡವೆಂದು ಒಂದು ಮಿಠಾಯಿ ಅಂಗಡಿ ಹೊಕ್ಕ. ಗೋಡೆಯ ಮೇಲೆ ಅವನದೇ ಚಿತ್ರ ತೂಗುತ್ತಿತ್ತು. ಹೊಳೆ, ಹರಿಗೋಲು, ಅದರಲ್ಲಿ ಕೂತ ಒಬ್ಬ ಹೆಂಗಸು. ಅವನ ಎದೆ ಹಿಗ್ಗಿತು. ಹತ್ತಿರ ಹೋದ. ಹಿಗ್ಗಿದ್ದು ಹಾಗೇ ಇಳಿಯಿತು. ಬೆಳ್ಳಗಿರಬೇಕಾದ ಹೊಳೆ ಕಪ್ಪಾಗಿತ್ತು. ಬಾಯಿಗೆ ಕೈ ಅಡ್ಡ ಹಿಡಿದಿದ್ದ ಹೆಂಗಸಿನ ಮುಖವೂ ಮಡಿಲೂ ಕತ್ತಲೆಯಲ್ಲಿ ಮುಳುಗಿಹೋಗಿದ್ದವು.

ಅವನು ನೋಡುತ್ತಾ ನಿಂತದ್ದನ್ನು ಕಂಡು ಅಂಗಡಿಯವನು ಪಕ್ಕಕ್ಕೆ ಬಂದ. ತನ್ನ ಅಕ್ಕನನ್ನು ಹೊಳೆಯಾಚೆಯ ಊರಿಗೆ ಕೊಟ್ಟಿತ್ತೆಂದೂ, ಮದುವೆಯ ಮರುದಿನ ಅವಳು ಹೀಗೆಯೇ ಹರಿಗೋಲಿನಲ್ಲಿ ಅಳುತ್ತಾ ಹೋದಳೆಂದೂ ಹೇಳಿದ. ಈ ಚಿತ್ರ ಕಂಡ ದಿನವೇ ಕೊಂಡನಂತೆ. ಬೆಳಿಗ್ಗೆ ಅಂಗಡಿ ತೆರೆದೊಡನೆ ಮೊದಲು ಅದರ ಧೂಳು ಒರೆಸುತ್ತಾನಂತೆ.

ಛಾಯಾಗ್ರಾಹಕನಿಗೆ ಮಾತ್ರ ನಿಜ ಗೊತ್ತಿತ್ತು. ಚಿತ್ರದಲ್ಲಿದ್ದ ಹೆಂಗಸು ಅತ್ತಿರಲಿಲ್ಲ. ಅವಳ ಮಡಿಲಲ್ಲಿದ್ದ ಮೇಕೆಮರಿ ಸೆರಗು ಜಗಿಯುತ್ತಿತ್ತು, ಅವಳು ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡಿದ್ದಳು. ಆ ನಗುವಿಗಾಗಿಯೇ ಅವನು ಚಿತ್ರ ತೆಗೆದಿದ್ದ. ಈಗ ನಿಜ ಹೇಳಿದರೆ ಈತನಿಂದ ಅಕ್ಕನನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಆ ಹೆಂಗಸು ಈ ಗೋಡೆಯ ಮೇಲೆ ಅಳುತ್ತಲೇ ಇರಬೇಕು. ಮಿಠಾಯಿ ಕಟ್ಟಿಸಿಕೊಂಡು ಸುಮ್ಮನೆ ಹೊರಬಿದ್ದ.

ಊರಿಗೆ ಮರಳಿದವನೇ ಅಲ್ಲಿನ ಒಬ್ಬ ಅಚ್ಚು ಹಾಕುವವನ ಬಳಿ ಹೋದ. ಅಲ್ಲಿಯೂ ಮೊದಲ ಹಾಳೆ ಕಪ್ಪಾಗಿಯೇ ಬಂತು. ಅಂತರ್ಜಾಲದ ಅಂಗಡಿಯವರನ್ನು ಬೈದುಕೊಂಡಿದ್ದವನಿಗೆ ನಾಚಿಕೆಯಾಯಿತು. ಚಿತ್ರವೇ ಕಪ್ಪಾಗಿತ್ತು; ತನ್ನ ಕಂಪ್ಯೂಟರಿನ ಪರದೆಯ ಬೆಳಕನ್ನೇ ಚಿತ್ರದ ಬೆಳಕೆಂದು ಅವನು ನಂಬಿದ್ದ. ಚಿತ್ರವನ್ನು ತಿಳಿಗೊಳಿಸಿ ಮತ್ತೆ ಹಾಕಿಸಿದ. ಹೊಳಪಿನ ಕಾಗದದಲ್ಲಿ ಹೆಂಗಸಿಗಿಂತ ಎದುರಿನ ಕಿಟಕಿಯೇ ಹೆಚ್ಚು ಕಾಣುತ್ತಿತ್ತು. ಅದನ್ನು ಬಿಟ್ಟು ಹೊಳಪಿಲ್ಲದ ದಪ್ಪ ಕಾಗದ ಹಿಡಿದ. ಯಂತ್ರದ ಬಳಿಯೇ ನಿಂತು, ತಿದ್ದಿ ತಿದ್ದಿ ಹಾಕಿಸಿದ. ಕೊನೆಗೆ ಒಂದು ಹಾಳೆಯಲ್ಲಿ ಅವಳು ನಕ್ಕಳು. ಅವನೂ ನಕ್ಕ.

ಆ ಹಾಳೆ ಹಿಡಿದು ಮತ್ತೆ ಮಿಠಾಯಿ ಅಂಗಡಿಗೆ ಹೋದ. ಚಿತ್ರ ತನ್ನದೆಂದು ಹೇಳಿ, ಹಾಳೆ ಬಿಚ್ಚಿದ. ಅಂಗಡಿಯವನು ಹಾಳೆಯನ್ನು ಬೆಳಕಿಗೆ ಹಿಡಿದು ಆ ನಗುವನ್ನು ನೋಡಿದ. ಛಾಯಾಗ್ರಾಹಕನಿಗೆ ತಪ್ಪು ಮಾಡಿದೆನೇನೋ ಎನ್ನಿಸಿತು. ಅಂಗಡಿಯವನು ಒಳಗೆ ಹೋಗಿ ಅಕ್ಕನಿಗೆ ಫೋನು ಮಾಡಿದ. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು, ಮುಖ ಅರಳಿತ್ತು.

“ಅಕ್ಕ ಅತ್ತೇ ಇರಲಿಲ್ಲವಂತೆ ಸ್ವಾಮಿ. ಹೊಸ ಊರು ನೋಡುವ ಸಡಗರದಲ್ಲಿದ್ದಳಂತೆ. ದಡದಲ್ಲಿ ನಿಂತು ಅತ್ತವನು ನಾನಂತೆ,” ಎಂದ.

ಅಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಅಂಗಡಿಯವನು ಬಾಣಲೆಯಿಂದ ಆಗಷ್ಟೇ ತೆಗೆದ ಜಿಲೇಬಿಯನ್ನು ಎಲ್ಲರಿಗೂ ಹಂಚಿದ. ಹಳೆಯ ಚಿತ್ರ ಇಳಿಯಿತು, ಹೊಸದು ಏರಿತು.

ಅಂದಿನಿಂದ ಛಾಯಾಗ್ರಾಹಕ ಮಾರಾಟಕ್ಕಿಟ್ಟ ಪ್ರತಿ ಚಿತ್ರವನ್ನೂ ಮೊದಲು ತನಗೇ ತರಿಸಿಕೊಂಡು, ಹಗಲಿನಲ್ಲೂ ದೀಪದಲ್ಲೂ ನೋಡಿದ. ಸರಿಯಾಗಿ ಬಂದವನ್ನು ಅಂತರ್ಜಾಲದ ಅಂಗಡಿಗೇ ಬಿಟ್ಟ. ಉಳಿದವನ್ನು ತಾನೇ ಎದುರು ನಿಂತು ಅಚ್ಚು ಹಾಕಿಸಿ ಕಳಿಸಿದ.

ಮಾಸ್ತರರು ಕತೆ ನಿಲ್ಲಿಸಿದರು. ನಾಗವೇಣಿಗೆ ಕತೆ ಹಿಡಿಸಿತ್ತು. ಆದರೂ ಅವಳ ಪ್ರಶ್ನೆ ಉಳಿದೇ ಇತ್ತು.

“ಹಾಗಾದರೆ ನನ್ನ ಚಿತ್ರಗಳಿಗೆ ಯಾವ ಕಾಗದ ಒಳ್ಳೆಯದು, ಗುರುಗಳೇ?”

“ನೀನು ತೆಗೆದ ಒಂದು ಚಿತ್ರವನ್ನಾದರೂ ನೀನು ಕಾಗದದ ಮೇಲೆ ನೋಡಿದ್ದೀಯಾ, ತಾಯಿ?” ಎಂದರು ಮಾಸ್ತರರು.