ದೊರೆಗೆ ಬೇಕಂತೆ

ಬನ್ನಿ ಮಕ್ಕಳೇ, ಹತ್ತಿರ ಬಂದು ಕೂತ್ಕೊಳ್ಳಿ. ಇದು ನಗಿಸೋ ಕತೆ ಅಲ್ಲ. ಕೇಳಿ ಸುಮ್ಮನೆ ಕೂರೋ ಕತೆ.

ಒಂದು ಹೊಳೆ ಇತ್ತು. ಹೊಳೆ ದಂಡೆಯಲ್ಲಿ ಒಂದು ಬಂಡೆಗುಡ್ಡ ಇತ್ತು. ಆ ಗುಡ್ಡದಲ್ಲಿ ಕಾಡುಬೆಕ್ಕುಗಳು ತಮ್ಮದೇ ಒಂದು ರಾಜ್ಯ ಕಟ್ಟಿಕೊಂಡು ಬಾಳುತ್ತಿದ್ದವು. ಬಂಡೆಗಳು ಮೆಟ್ಟಿಲು ಮೆಟ್ಟಿಲಾಗಿದ್ದವು. ಯಾರ ಅಂತಸ್ತು ಎಷ್ಟೋ ಅವರ ಬಂಡೆ ಅಷ್ಟೆತ್ತರ. ತುತ್ತತುದಿಯಲ್ಲಿ ಒಂದು ಗವಿ. ಅದು ದೊರೆಯದ್ದು. ಅದರ ಕೆಳಗಿನ ಬಂಡೆ ಸೊಲ್ಲುಗಾರನದ್ದು. ದೊರೆ ಆಡಿದ ಮಾತನ್ನು ಕೆಳಗಿನವರಿಗೆ ಮುಟ್ಟಿಸೋದು ಅವನ ಕೆಲಸ. ಅವನ ಕೆಳಗೆ ಕಾವಲಿನವರು. ಅವರ ಕೆಳಗೆ ಬೇಟೆಯವರು. ಅವರ ಕೆಳಗೆ ಮರಿ ಸಾಕೋ ತಾಯಂದಿರು, ಮುದುಕರು. ಎಲ್ಲರಿಗಿಂತ ಕೆಳಗೆ, ಬರೀ ನೆಲದ ಮೇಲೆ, ಎಲುಬು ಹೊರುವವರು. ಮೇಲಿನವರು ತಿಂದು ಬಿಟ್ಟ ಎಲುಬನ್ನು ಹೊತ್ತು ಕೊರಕಲಿಗೆ ಹಾಕಬೇಕು. ಅದರಲ್ಲಿ ಏನಾದರೂ ಮಿಕ್ಕಿದ್ದರೆ ಊಟ. ಇಲ್ಲದಿದ್ದರೆ ಉಪವಾಸ. ಎಲುಬು ತರೋದಕ್ಕೆ ಮಾತ್ರ ಅವರು ಮೇಲೆ ಹತ್ತಬಹುದು.

ಒಂದು ಕಟ್ಟಳೆ ಇತ್ತು. ಕೆಳಗಿನ ಬಂಡೆಯವರು ಗವಿಯ ಒಳಗೆ ಕಾಲಿಡೋ ಹಾಗಿಲ್ಲ. ದೊರೆಯನ್ನು ನೇರವಾಗಿ ಮಾತಾಡಿಸೋ ಹಾಗಿಲ್ಲ. ಹೇಳೋದಿದ್ದರೆ ಸೊಲ್ಲುಗಾರನಿಗೆ ಹೇಳಬೇಕು. ಕೇಳೋದಿದ್ದರೆ ಸೊಲ್ಲುಗಾರನ ಬಾಯಲ್ಲೇ ಕೇಳಬೇಕು.

ಬೇಟೆಯವರ ಬಂಡೆಯಲ್ಲಿ ಬೂದವ್ವ ಅಂತ ಒಬ್ಬಳಿದ್ದಳು. ಬೂದಿ ಬಣ್ಣದ ಮೈ, ಒಂದು ಕಿವಿ ಹರಿದದ್ದು. ಅವಳಿಗೆ ಬೆಳೆದ ಮಕ್ಕಳು ಮೂವರು. ತೊಗರಿಬೇಳೆ ಬಣ್ಣದವನು ತೊಗರ. ಹುರುಳಿ ಬಣ್ಣದವನು ಹುರುಳ. ಮೈ ತುಂಬಾ ಕರಿ ಚುಕ್ಕೆಯವಳು ಎಳ್ಳಿ. ಬೂದವ್ವ ಅವರಿಗೆ ಬೇಟೆ ಕಲಿಸಿದಳು. ಬೇಟೆಗಿಂತ ಮೊದಲು ಇನ್ನೊಂದು ಕಲಿಸಿದಳು. "ದೊರೆ ಮಾತು ಅಂದ ಮೇಲೆ ಎದುರು ಆಡಬಾರದು. ನಾವು ನಮ್ಮ ಬಂಡೆಯಲ್ಲಿರಬೇಕು."

ಆ ವರ್ಷ ಬೇಸಿಗೆ ಬಲು ಜೋರು. ದೊರೆಗೆ ವಯಸ್ಸಾಗಿತ್ತು, ಹಲ್ಲೆಲ್ಲ ಉದುರಿದ್ದವು. ಗವಿ ಸೇರಿದವನು ಹೊರಗೆ ಬರಲೇ ಇಲ್ಲ. ದಿನದ ಮೊದಲ ಬೇಟೆಯನ್ನು ಸೊಲ್ಲುಗಾರ ಕಚ್ಚಿಕೊಂಡು ಒಳಗೆ ಹೋಗುತ್ತಿದ್ದ. ಆಮೇಲೆ ಹೊರಗೆ ಬಂದು, ದೊರೆ ಹೀಗಂದರು, ದೊರೆ ಹಾಗಂದರು ಅನ್ನುತ್ತಿದ್ದ. ಅವನ ಹೆಸರು ಮಿರುಗ. ನುಣ್ಣಗೆ ಹೊಳೆಯೋ ಮೈ, ನುಣ್ಣನೆ ಮಾತು.

ಒಂದು ದಿನ ಬೆಳಗ್ಗೆ ಮಿರುಗ ತನ್ನ ಬಂಡೆ ಮೇಲೆ ನಿಂತು ಕೂಗಿದ.

"ದೊರೆಗೆ ಗೌಜಲಹಕ್ಕಿ ಬೇಕಂತೆ! ಕಬ್ಬಿನ ಗದ್ದೆಯಿಂದಲೇ ಬೇಕಂತೆ. ತೊಗರ ಹೋಗಬೇಕಂತೆ."

ಕಬ್ಬಿನ ಗದ್ದೆಯಲ್ಲಿ ನಾಯಿಗಳಿದ್ದವು. ಎಲ್ಲರಿಗೂ ಗೊತ್ತಿತ್ತು. ತೊಗರ ತಾಯಿ ಮುಖ ನೋಡಿದ. ಬೂದವ್ವನಿಗೆ ಎದೆ ಉಬ್ಬಿಹೋಗಿತ್ತು. ಇಷ್ಟು ಜನ ಇರುವಾಗ ದೊರೆ ನನ್ನ ಮಗನ ಹೆಸರೇ ಹೇಳಿದರಲ್ಲ! ಅವನ ನೆತ್ತಿ ನೆಕ್ಕಿ, "ಹೋಗಿ ಬಾ ಮಗಾ," ಅಂದಳು.

ತೊಗರ ಹೋದ. ಗೌಜಲಹಕ್ಕಿ ಬಂತು, ಜೊತೆಗೆ ಹೋದವರು ತಂದರು. ತೊಗರ ಬರಲಿಲ್ಲ. ನಾಯಿಗಳು ಅವನನ್ನು ಬದುವಿನ ಮೇಲೆ ಹರಿದು ಹಾಕಿದ್ದವು.

ಹದಿನೈದು ದಿನ ಕಳೀತು. ಮಿರುಗ ಮತ್ತೆ ಕೂಗಿದ.

"ದೊರೆಗೆ ಕೋಳಿ ಬೇಕಂತೆ! ತೋಟದ ಮನೆ ಕೋಳಿಯೇ ಬೇಕಂತೆ. ಹುರುಳ ಹೋಗಬೇಕಂತೆ."

ತೋಟದ ಮನೆಯವರು ಬೇಲಿಗೆ ತಂತಿಯ ಉರುಲು ಕಟ್ಟಿದ್ದರು. ಬೂದವ್ವನೇ ಅದನ್ನು ಕಣ್ಣಾರೆ ನೋಡಿದ್ದಳು. ಈ ಸಲ ಅವಳ ಎದೆ ಉಬ್ಬಲಿಲ್ಲ. ಬಾಯಿ ತೆರೆದಳು. ಸುತ್ತ ಇದ್ದವರೆಲ್ಲ ಅವಳನ್ನೇ ನೋಡಿದರು. ಬಾಯಿ ಮುಚ್ಚಿದಳು. "ಹುಷಾರಾಗಿ ಹೋಗು ಮಗಾ," ಅಂದಳು, ಅಷ್ಟೇ.

ಹುರುಳ ಹೋದ. ಕೋಳಿ ಬಂತು. ಹುರುಳ ಬರಲಿಲ್ಲ. ಬೆಳಗ್ಗೆ ಬೂದವ್ವ ಬೇಲಿ ಹತ್ತಿರ ಹೋಗಿ ನೋಡಿದಾಗ ಅವನು ತಂತಿಯಲ್ಲಿ ತೂಗುತ್ತಿದ್ದ. ಇಳಿಸೋಣ ಅಂದರೆ ಕೈಗೆ ಎಟುಕಲಿಲ್ಲ.

ಅವಳು ಗುಡ್ಡಕ್ಕೆ ವಾಪಸು ಬಂದಳು. ಬೇಟೆಯವರ ಬಂಡೆ ದಾಟಿದಳು. ಕಾವಲಿನವರ ಬಂಡೆಯನ್ನೂ ದಾಟಿದಳು. ಮಿರುಗನ ಎದುರಿಗೆ ನಿಂತಳು.

"ನಾನು ದೊರೆಯನ್ನ ಕಾಣಬೇಕು ಸ್ವಾಮಿ."

"ಏನು ಕೇಳ್ತೀಯಾ?"

"ನನ್ನ ಇಬ್ಬರು ಮಕ್ಕಳು ಹೋದರು. ಅವರಿಗೆ ಅದು ಗೊತ್ತಾ ಅಂತ ಕೇಳ್ತೀನಿ."

ಮಿರುಗ ಗವಿಯ ಒಳಗೆ ಹೋದ. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದ. "ತನ್ನ ಬಂಡೆ ಬಿಟ್ಟು ಹತ್ತಿ ಬಂದವಳಿಗೆ ಇನ್ನು ಮೇಲೆ ಬಂಡೆಯೇ ಇಲ್ಲವಂತೆ. ನೆಲಕ್ಕೆ ಇಳೀಬೇಕಂತೆ. ಎಲುಬು ಹೊರಬೇಕಂತೆ," ಅಂದ.

ಜೊತೆಗೆ ಬೇಟೆಯಾಡಿದವರು ಬೇರೆ ಕಡೆ ಮುಖ ತಿರುಗಿಸಿ ಮೈ ನೆಕ್ಕಿಕೊಂಡರು. ಬೂದವ್ವ ನೆಲಕ್ಕೆ ಇಳಿದಳು. ದಿನಾ ಗವಿ ಬಾಯಲ್ಲಿ ಬಿದ್ದ ಎಲುಬು ಕಚ್ಚೋದು, ಕೊರಕಲಿಗೆ ಹಾಕೋದು, ತಿರುಗಿ ಬರೋದು. ಅದು ಯಾವ ಪ್ರಾಣಿಯ ಎಲುಬು ಅಂತಲೂ ನೋಡುತ್ತಿರಲಿಲ್ಲ.

ಮಳೆ ಹಿಡೀತು. ಹೊಳೆ ಕೆಂಪಾಗಿ ತುಂಬಿ ಬಂತು. ಮಿರುಗ ಮೂರನೇ ಸಲ ಕೂಗಿದ.

"ದೊರೆಗೆ ಮೀನು ಬೇಕಂತೆ! ಹೊಸ ನೀರಿನ ಮೀನೇ ಬೇಕಂತೆ. ಎಳ್ಳಿ ಹೋಗಬೇಕಂತೆ."

ಬೂದವ್ವ ಮಗಳ ಕಾಲಿಗೆ ಅಡ್ಡ ಬಿದ್ದಳು. "ಬೇಡ ಕಣವ್ವಾ. ಓಡಿ ಹೋಗು. ಕಾಡು ದೊಡ್ಡದು. ಎಲ್ಲಾದರೂ ಬದುಕಿಕೋ."

"ದೊರೆ ಮಾತಲ್ವೇನವ್ವಾ? ಎದುರು ಆಡಬಾರದು ಅಂತ ನೀನೇ ಹೇಳಿಕೊಟ್ಟೆಯಲ್ಲ."

"ನನಗೆ ತಿಳೀದೆ ಹೇಳಿದೆ ಮಗಳೇ."

"ನಾನು ಹೋಗದಿದ್ದರೆ ನಿನಗೆ ಆ ನೆಲವೂ ಇರಲ್ಲ," ಅಂದಳು ಎಳ್ಳಿ. ತಾಯಿಯನ್ನು ದಾಟಿಕೊಂಡು ಹೋದಳು.

ಎಳ್ಳಿ ಒಂದು ದೊಡ್ಡ ಮೀನು ಹಿಡಿದು ದಂಡೆಗೆ ಎಸೆದಳಂತೆ. ಒಂದು ಸಾಕಾಗಲ್ಲ ಅಂತ ಇನ್ನೊಂದಕ್ಕೆ ಇಳಿದಳಂತೆ. ಹೊಳೆ ಅವಳನ್ನು ತಿರುಗಿ ಕೊಡಲಿಲ್ಲ. ಬೂದವ್ವ ದಂಡೆಯುದ್ದಕ್ಕೂ ಓಡಿದಳು. ಹೊತ್ತು ಮುಳುಗೋವರೆಗೂ ಕೂಗಿದಳು. ನೀರಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಮಾರನೇ ದಿನ ಗವಿ ಬಾಯಲ್ಲಿ ಮೀನಿನ ಎಲುಬು ಬಿದ್ದಿತ್ತು. ಬೂದವ್ವ ಕಚ್ಚಲು ಬಗ್ಗಿದಳು, ಕಚ್ಚಲಾರದೆ ನಿಂತಳು. ಮಗಳು ಕೊನೆಯದಾಗಿ ಮುಟ್ಟಿದ್ದು ಇದನ್ನೇ. ಮೊದಲ ಸಲ ಎಲುಬನ್ನು ಕಣ್ಣಿಟ್ಟು ನೋಡಿದಳು.

ಮೀನಿನ ತಲೆಯನ್ನು ಯಾರೋ ಕಟಕಟ ಅಗಿದಿದ್ದರು. ಪಕ್ಕದಲ್ಲಿ ಹಿಂದಿನ ದಿನದ ಮೊಲದ ತೊಡೆಮೂಳೆ. ಅದನ್ನೂ ನಡುವಿಗೆ ಮುರಿದು ಒಳಗಿನ ಮಜ್ಜೆ ಹೀರಿದ್ದರು.

ದೊರೆಗೆ ಹಲ್ಲೇ ಇರಲಿಲ್ಲ! ಉದುರಿ ಎರಡು ವರ್ಷವಾಗಿತ್ತು. ಮೆತ್ತಗಿನ ಮಾಂಸ ಚೀಪಿ ನುಂಗುತ್ತಿದ್ದ ಮುದುಕ ಮೂಳೆ ಮುರಿಯೋದು ಹೇಗೆ?

ಬೂದವ್ವ ಕೊರಕಲಿಗೆ ಹೋದಳು. ತಾನೇ ಹೊತ್ತು ಹಾಕಿದ್ದ ರಾಶಿಯನ್ನು ಕೆದಕಿದಳು. ಕೋಳಿ ಕಾಲು, ಮುರಿದಿದೆ. ಇಲಿ ತಲೆ, ಒಡೆದಿದೆ. ಒಂದಾದರೂ ಇಡೀ ಎಲುಬಿಲ್ಲ. ಇಷ್ಟು ದಿನ ಸತ್ಯವನ್ನು ಬಾಯಲ್ಲೇ ಕಚ್ಚಿಕೊಂಡು ಓಡಾಡಿದ್ದಳು. ಒಂದು ದಿನ ಮೊದಲು ನೋಡಿದ್ದರೆ ಎಳ್ಳಿ ಇರುತ್ತಿದ್ದಳು. ಅಲ್ಲೇ ಕುಸಿದು ಕೂತಳು. ಅಳು ಬರಲಿಲ್ಲ.

ನೆಲದವಳ ಮಾತು ಯಾರು ನಂಬುತ್ತಾರೆ? ಅವಳು ಯೋಚಿಸಿದಳು. ಎದ್ದು ಬಂದಳು.

ಸಂಜೆ ಎಲ್ಲರೂ ಅವರವರ ಬಂಡೆಯಲ್ಲಿದ್ದರು. ಮಿರುಗ ಅಂದಿನ ಮೊಲವನ್ನು ಗವಿಗೆ ಒಯ್ದು, ಮೀಸೆ ಒರೆಸಿಕೊಂಡು ಬಂದು ಕೂತಿದ್ದ. ಬೂದವ್ವ ಕೆಳಗಿನಿಂದ ಕಿರುಚಿದಳು.

"ಅಯ್ಯೋ, ಕೇಳ್ರಪ್ಪೋ! ಇವತ್ತಿನ ಮೊಲ ವಿಷದ ಕಾಳು ತಿಂದಿತ್ತು! ಅದರ ಎಲುಬಿಗೆ ಮುತ್ತಿದ ಇರುವೆ ಎಲ್ಲ ಸತ್ತು ಬಿದ್ದವೆ! ದೊರೆ ತಿಂದುಬಿಟ್ಟರಲ್ಲೋ!"

ಗುಡ್ಡಕ್ಕೆ ಗುಡ್ಡವೇ ಎದ್ದು ನಿಂತಿತು. ಮದ್ದು ಬಲ್ಲ ಮುದುಕಿ ಒಬ್ಬಳಿದ್ದಳು, ಮದ್ದಜ್ಜಿ ಅಂತ. ಅವಳು, "ಗರಿಕೆ ಹುಲ್ಲು ತಿನ್ನಿಸಿ ಕಕ್ಕಿಸಬೇಕು. ತಡ ಮಾಡಿದರೆ ಜೀವ ಉಳಿಯಲ್ಲ. ದೊರೆಯನ್ನ ಹೊರಗೆ ಕರೀರಿ!" ಅಂದಳು.

ಕಾವಲಿನವರು ಗವಿ ಕಡೆ ನೋಡಿದರು. ಮಿರುಗ ಮಾತ್ರ ಗವಿ ಕಡೆ ನೋಡಲಿಲ್ಲ. ಬಂಡೆಯಿಂದ ಬಂಡೆಗೆ ಹಾರಿ, ಎಲ್ಲರನ್ನೂ ತಳ್ಳಿ, ಕೆಳಗಿನ ಗರಿಕೆಗೆ ಬಾಯಿ ಹಾಕಿದ. ಗಬಗಬ ತಿಂದ.

"ಮೊಲ ತಿಂದದ್ದು ದೊರೆ," ಅಂದಳು ಮದ್ದಜ್ಜಿ. "ಗರಿಕೆ ನಿನಗ್ಯಾಕಪ್ಪಾ?"

ಮಿರುಗ ತಲೆ ಎತ್ತಿದ. ಉತ್ತರ ಕೊಡೋದಕ್ಕೆ ಮೊದಲೇ ವಾಂತಿ ಬಂತು. ತುಂಡು ತುಂಡು ಮೊಲದ ಮಾಂಸ, ಎಲ್ಲರ ಕಣ್ಣೆದುರಿಗೆ.

"ಮೊಲದಲ್ಲಿ ವಿಷ ಇರಲಿಲ್ಲ," ಅಂದಳು ಬೂದವ್ವ. "ಈಗ ಗವಿಗೆ ಹೋಗಿ ನೋಡಿ."

ಆ ಗುಡ್ಡದಲ್ಲಿ ಮೊದಲ ಸಲ ಕೆಳಗಿನವರು ಗವಿ ಹೊಕ್ಕರು. ಒಳಗೆ ತುಂಬ ಬಾವಲಿಗಳು, ಉಸಿರು ಕಟ್ಟೋ ನಾತ. ಮೂಲೆಯಲ್ಲಿ ಒಣ ಎಲೆ ಮುಚ್ಚಿದ ಒಂದು ಹಿಡಿ ಮೂಳೆ, ಬೆಳ್ಳಗಿನ ಒಂದಿಷ್ಟು ಕೂದಲು. ದೊರೆ ಬೇಸಿಗೆ ಶುರುವಿನಲ್ಲೇ ಸತ್ತಿದ್ದ.

ಕಾವಲಿನವರು ಮಿರುಗನನ್ನು ಸುತ್ತುಗಟ್ಟಿದರು. ಅವನು ನೆಲಕ್ಕೆ ಹೊಟ್ಟೆ ಹಚ್ಚಿದ. "ದೊರೆ ಸತ್ತರು ಅಂತ ಹೇಳಿದ್ದರೆ ಸೊಲ್ಲುಗಾರ ಯಾರಿಗೆ ಬೇಕಿತ್ತು? ನನ್ನ ಬಂಡೆ ಹೋಗ್ತಿತ್ತು. ಅದಕ್ಕೇ..." ಅಂದ. ಮಾತು ಮುಗಿಸಲು ಯಾರೂ ಬಿಡಲಿಲ್ಲ. ಕಬ್ಬಿನ ಗದ್ದೆಯವರೆಗೂ ಅಟ್ಟಿಸಿಕೊಂಡು ಹೋದರು. ಆ ಕಡೆ ನಾಯಿಗಳು ಬೊಗಳೋದು ಕೇಳಿಸಿತು. ಆಮೇಲೆ ಅವನನ್ನು ಯಾರೂ ನೋಡಲಿಲ್ಲ.

ಎಲ್ಲರೂ ಬೂದವ್ವನ ಹತ್ತಿರ ಬಂದರು. "ನೀನೇ ಮೇಲೆ ಬಾರವ್ವಾ. ಗವಿ ನಿನ್ನದು. ಅವನನ್ನ ಗೆದ್ದವಳು ನೀನು," ಅಂದರು.

ಬೂದವ್ವ ತಲೆ ಅಲ್ಲಾಡಿಸಿದಳು. "ಅವನು ಬರೀ ಕೂಗಿದ. ಕಳಿಸಿದ್ದು ನಾನು. ನೀವೆಲ್ಲ ನೋಡ್ತಾ ಇದ್ದಿರಿ. ಆ ತುದಿಯಲ್ಲಿ ಕೂತರೆ ಕಬ್ಬಿನ ಗದ್ದೆ ಕಾಣತ್ತೆ, ತೋಟದ ಬೇಲಿ ಕಾಣತ್ತೆ, ಹೊಳೆ ಕಾಣತ್ತೆ. ನನ್ನಿಂದ ಆಗಲ್ಲ."

ಅವಳು ನೆಲದ ಮೇಲೇ ಉಳಿದಳು. ಒಬ್ಬೊಬ್ಬರಾಗಿ ಉಳಿದವರೂ ಬಂಡೆ ಬಿಟ್ಟು ಕೆಳಗೆ ಬಂದು ಕೂತರು. ಮಳೆ ಸುರೀತಾನೇ ಇತ್ತು.

ಇಷ್ಟೇ ಮಕ್ಕಳೇ ಕತೆ. ಇದರ ನೀತಿ ಏನು ಅಂದರೆ, ದೊಡ್ಡವರ ಹೆಸರು ಹೇಳಿಕೊಂಡು ಬಂದ ಅಪ್ಪಣೆಯನ್ನು ವಿಚಾರಿಸದೆ ತಲೆ ಮೇಲೆ ಹೊರಬೇಡಿ. ಯಾರು ಹೇಳಿದರು, ಯಾರು ತಿನ್ನುತ್ತಿದ್ದಾರೆ, ಸಾಯುತ್ತಿರುವವರು ಯಾರು ಅಂತ ಕೇಳಿ. ಮೊದಲನೇ ಸಲವೇ ಕೇಳಿ. ಮೂರು ಸಲ ಆದ ಮೇಲೆ ವಿಚಾರಿಸಿದ ಬೂದವ್ವನಿಗೆ ನಿಜ ಸಿಕ್ಕಿತು. ಮಕ್ಕಳು ಸಿಗಲಿಲ್ಲ.